ಎದುರಿನವರು ಒಪ್ಪೋ ಹಾಗೆ ಹೇಳೋದು, ಬರೆಯೋದು ಹೇಗೆ? ಒಂದು ಬಸ್ಸಿನ ಅರ್ಜಿ ಇಟ್ಕೊಂಡು ನೋಡೋಣ

ಮಾತಿನ ಕಲೆ ಅಂದ ತಕ್ಷಣ ಎಲ್ರಿಗೂ ಸ್ಟೇಜು, ಮೈಕು, ಚಪ್ಪಾಳೆನೇ ನೆನಪಾಗುತ್ತೆ. ನಮ್ಮಂಥೋರು ನಿಜವಾಗಿ ಬೇರೆಯೋರನ್ನ ಒಪ್ಪಿಸೋಕೆ ಒದ್ದಾಡೋದು ಗ್ರಾಮಸಭೆಲಿ, ಬ್ಯಾಂಕಿನ ಟೇಬಲ್ ಮುಂದೆ, ಮನೇಲಿ ಅಪ್ಪನ ಹತ್ರ, ಇಲ್ಲಾ ಯಾವುದೋ ಆಫೀಸಿಗೆ ಅರ್ಜಿ ಬರೀವಾಗ. ಅದಕ್ಕೇ ಈ ಲೇಖನದಲ್ಲಿ ದೊಡ್ಡ ಭಾಷಣಗಳ ಪಟ್ಟಿ ಕೊಡೋಕೆ ಹೋಗಲ್ಲ, ಒಂದೇ ಒಂದು ಸಣ್ಣ ಕೇಸ್ ತಗೊಂಡು ಅದರಲ್ಲೇ ಒಂದೊಂದು ತಂತ್ರನೂ ಹಾಕಿ ನೋಡೋಣ.

ಕೇಸ್ ಇದು. ಮಲೆನಾಡಿನ ಒಂದು ಊರು ಅಂತ ಇಟ್ಕೊಳ್ಳಿ. ತಾಲೂಕು ಪೇಟೆಗೆ 26 ಕಿಲೋಮೀಟರ್. ರಾತ್ರಿ ಬಂದು ಊರಲ್ಲೇ ಉಳಿಯೋ ನೈಟ್ ಹಾಲ್ಟ್ ಬಸ್ಸು ಬೆಳಗ್ಗೆ 8.45ಕ್ಕೆ ಹೊರಡುತ್ತೆ, ತಿರುವು, ಸ್ಟಾಪು ಎಲ್ಲಾ ಮುಗಿಸ್ಕೊಂಡು ಪೇಟೆ ಮುಟ್ಟೋವಾಗ 9.45. ಕಾಲೇಜು ಶುರು ಆಗೋದು 9.30ಕ್ಕೆ. 37 ಮಕ್ಕಳಿಗೆ ದಿನಾ ಮೊದಲನೇ ಪೀರಿಯಡ್ ತಪ್ಪಿಹೋಗ್ತಿದೆ. ಡಿಪೋ ಮ್ಯಾನೇಜರ್‌ಗೆ ಅರ್ಜಿ ಕೊಡ್ಬೇಕು, ಅದಕ್ಕಿಂತ ಮುಂಚೆ ಊರಿನೋರನ್ನ ಒಪ್ಪಿಸ್ಬೇಕು.

ಸಾಮಾನ್ಯವಾಗಿ ನಾವು ಬರೆಯೋ ಅರ್ಜಿ ಹೀಗಿರುತ್ತೆ:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸ್ವಾತಂತ್ರ್ಯ ಬಂದು ಇಷ್ಟು ವರ್ಷಗಳು ಕಳೆದರೂ ನಮ್ಮ ಗ್ರಾಮಕ್ಕೆ ಸಮರ್ಪಕವಾದ ಬಸ್ ಸೌಲಭ್ಯ ಇರುವುದಿಲ್ಲ. ಇದರಿಂದ ವಿದ್ಯಾರ್ಥಿಗಳಿಗೆ, ವೃದ್ಧರಿಗೆ, ರೈತರಿಗೆ ತುಂಬಾ ತೊಂದರೆಯಾಗುತ್ತಿದೆ. ಆದ್ದರಿಂದ ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ."

ಓದಿದ ಮ್ಯಾನೇಜರ್ ಏನು ಮಾಡ್ಬೇಕು ಹೇಳಿ? ಅವರಿಗೇ ಗೊತ್ತಾಗಲ್ಲ. ಸ್ವಾತಂತ್ರ್ಯ ಬಂದಿದ್ದು ಅವರ ಡಿಪೋಗೆ ಸಂಬಂಧ ಇಲ್ಲ, "ಸೂಕ್ತ ಕ್ರಮ" ಯಾವುದು ಅಂತ ಬರೆದಿಲ್ಲ. ಫೈಲಿಗೆ ಹೋಗುತ್ತೆ, ಅಷ್ಟೇ.

ಮೊದಲು: ಯಾರ ಕೈಲಿ ಏನಿದೆ ಅಂತ ನೋಡ್ಕೊಳ್ಳಿ

ಪೆನ್ನು ಹಿಡಿಯೋಕೆ ಮುಂಚೆ ಇದನ್ನ ಮಾಡ್ಲೇಬೇಕು. ಕೇಳ್ತಿರೋದು ಎದುರಿನವರ ಕೈಲಿ ಆಗೋ ಕೆಲಸನಾ? ಹೊಸ ಬಸ್ಸು ಕೊಡಿ ಅಂದ್ರೆ ಡಿಪೋ ಮ್ಯಾನೇಜರ್ ಕೈಲಿ ಇರಲ್ಲ, ಬಸ್ಸು ಬೇಕು, ಡ್ರೈವರ್ ಬೇಕು, ಮೇಲಿಂದ ಆರ್ಡರ್ ಬರ್ಬೇಕು. ಇರೋ ಬಸ್ಸನ್ನ ಅರ್ಧ ಗಂಟೆ ಮುಂಚೆ, ಅಂದ್ರೆ 8.15ಕ್ಕೆ ಬಿಡಿ ಅಂದ್ರೆ? ಡ್ರೈವರ್ರು ಕಂಡಕ್ಟರ್ರು ಆಗ್ಲೇ ಊರಲ್ಲೇ ಮಲಗಿದಾರೆ, ಬಸ್ಸೂ ಅಲ್ಲೇ ನಿಂತಿದೆ, ಡೀಸೆಲ್ ಒಂದು ಲೀಟರ್ ಕೂಡ ಜಾಸ್ತಿ ಆಗಲ್ಲ.

ನನ್ನ ಪ್ರಕಾರ ಅರ್ಧ ಗೆಲುವು ಇಲ್ಲೇ ಇದೆ. ಎಷ್ಟೇ ಅಲಂಕಾರ ಹಾಕಿದ್ರೂ ಆಗದೇ ಇರೋದನ್ನ ಕೇಳಿದ್ರೆ "ಇಲ್ಲ" ಅನ್ನೋದು ಅವರಿಗೆ ತುಂಬಾ ಸುಲಭ, ಸಣ್ಣದಾಗಿ, ಇಂಥದ್ದೇ ಅಂತ ಕೇಳಿದ್ರೆ ಇಲ್ಲ ಅನ್ನೋಕೆ ಅವರೇ ಕಾರಣ ಹುಡುಕ್ಬೇಕಾಗುತ್ತೆ.

ಆಮೇಲೆ ಐದು ಮೆಟ್ಟಿಲು

ನಮ್ಮ ನ್ಯಾಯದರ್ಶನದಲ್ಲಿ, ಅಂದ್ರೆ ಹಳೇ ತರ್ಕಶಾಸ್ತ್ರದಲ್ಲಿ, ವಾದ ಮಾಡೋಕೆ ಐದು ಅವಯವ ಅಂತ ಹೇಳ್ತಾರೆ, ಗೌತಮರ ನ್ಯಾಯಸೂತ್ರದ ಕಾಲದಿಂದ ಬಂದಿದ್ದು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಹೆಸರು ಕೇಳಿ ಹೆದರ್ಬೇಡಿ. ಹಳೇ ಉದಾಹರಣೆ ಬೆಟ್ಟದ ಮೇಲಿನ ಹೊಗೆದು. ಬೆಟ್ಟದಲ್ಲಿ ಬೆಂಕಿ ಇದೆ (ಇದು ನನ್ನ ಮಾತು). ಯಾಕಂದ್ರೆ ಹೊಗೆ ಬರ್ತಿದೆ (ಕಾರಣ). ಹೊಗೆ ಇರೋ ಕಡೆ ಬೆಂಕಿ ಇರುತ್ತೆ, ಅಡುಗೆಮನೆ ನೋಡಿ (ಉದಾಹರಣೆ). ಈ ಬೆಟ್ಟದಲ್ಲೂ ಅಂಥದ್ದೇ ಹೊಗೆ ಇದೆ (ಇಲ್ಲಿಗೆ ಹೊಂದಿಸೋದು). ಹಾಗಾಗಿ ಬೆಂಕಿ ಇದೆ (ಮತ್ತೆ ಗಟ್ಟಿ ಮಾಡೋದು).

ಈಗ ಬಸ್ಸಿಗೆ ಹಾಕಿ. ಬಸ್ಸು 8.15ಕ್ಕೆ ಬಿಡ್ಬೇಕು. ಯಾಕಂದ್ರೆ 8.45ಕ್ಕೆ ಬಿಟ್ರೆ ಕಾಲೇಜು ಶುರುವಾಗಿ ಕಾಲು ಗಂಟೆ ಆದ್ಮೇಲೆ ಮುಟ್ಟುತ್ತೆ. ಪಕ್ಕದ ರೂಟಿನ ನೈಟ್ ಹಾಲ್ಟ್ ಬಸ್ಸನ್ನ ಕಾಲೇಜ್ ಟೈಮಿಗೆ ಸರಿಯಾಗಿ ಬಿಡ್ತಾರೆ, ಆ ಕಡೆ ಮಕ್ಕಳು ಮೊದಲ ಕ್ಲಾಸಿಗೇ ಕೂತಿರ್ತಾರೆ. ನಮ್ಮ ರೂಟಲ್ಲೂ ಅಷ್ಟೇ ದೂರ, ಅದೇ ಥರ ಹಾಲ್ಟ್ ಬಸ್ಸು. ಹಾಗಾಗಿ ನಮಗೂ 8.15.

ಇದರಲ್ಲಿ ಜನ ಬಿಟ್ಟೇ ಬಿಡೋ ಮೆಟ್ಟಿಲು ನಾಲ್ಕನೇದು. ಉದಾಹರಣೆ ಕೊಟ್ಟು ಸುಮ್ನಾಗ್ತಾರೆ, "ಅಲ್ಲಿದು ಅಲ್ಲಿಗಾಯ್ತು, ಇಲ್ಲಿಗೇನು" ಅಂತ ಎದುರಿನವರು ಕೇಳೋ ಜಾಗ ಅದು. ಆ ಊರೂ ನಮ್ಮೂರೂ ಹೇಗೆ ಒಂದೇ ಥರ ಅಂತ ನೀವೇ ಹೇಳ್ಬಿಡಿ.

ಎದುರಿನವರ ಮಾತನ್ನ ಅವರಿಗಿಂತ ಚೆನ್ನಾಗಿ ಹೇಳಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕಂದ್ರೆ ಒಪ್ಪಿಸೋದರಲ್ಲಿ ಇದಕ್ಕಿಂತ ದೊಡ್ಡ ತಂತ್ರ ಇನ್ನೊಂದಿಲ್ಲ, ಜನ ಬಳಸೋದು ಮಾತ್ರ ಕಡಿಮೆ.

ತಾಳಮದ್ದಳೆ ಕೇಳಿದೋರಿಗೆ ಇದು ಗೊತ್ತಿರುತ್ತೆ. ಯಕ್ಷಗಾನದ್ದೇ ಪ್ರಸಂಗ, ಆದ್ರೆ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪದಕ್ಕೆ ಮಾತು ಕಟ್ಟಿ ಒಬ್ಬರಿಗೊಬ್ಬರು ವಾದ ಮಾಡ್ತಾರೆ, ಅದೂ ಬರೆದಿಟ್ಟ ಡೈಲಾಗ್ ಇಲ್ಲದೇನೇ. ಕರಾವಳಿ, ಮಲೆನಾಡಲ್ಲಿ ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಕೂಟಗಳು ಜಾಸ್ತಿ. ಒಪ್ಪಿಸೋ ಮಾತಿಗೆ ಇದಕ್ಕಿಂತ ಒಳ್ಳೇ ಶಾಲೆ ನನಗಂತೂ ಗೊತ್ತಿಲ್ಲ.

ವಾಲಿವಧೆ ಪ್ರಸಂಗನೇ ತಗೊಳ್ಳಿ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಅಂದ್ರೆ ಇವತ್ತಿಗೂ ಹಳೇ ರೆಕಾರ್ಡಿಂಗ್ ಹುಡುಕಿ ಕೇಳೋರು ಇದಾರೆ. ಬಾಣ ತಿಂದು ಬಿದ್ದಿರೋ ವಾಲಿ ರಾಮನ್ನ ಕೇಳೋ ಪ್ರಶ್ನೆಗಳು ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದಲ್ಲೇ ಇವೆ. ನಿನ್ನ ರಾಜ್ಯಕ್ಕೆ ಬಂದು ನಾನೇನಾದ್ರೂ ತಪ್ಪು ಮಾಡಿದ್ನಾ? ಬೇರೆಯೋನ ಜೊತೆ ಕಾದಾಡ್ತಿದ್ದಾಗ ಮರೆಯಿಂದ ಯಾಕೆ ಹೊಡೆದೆ? ಇವೆಲ್ಲ ಕೋಪದ ಮಾತು, ನೋವಿನ ಮಾತು, ಸರಿ. ಆದ್ರೆ ನಿಜವಾಗಿ ಚುಚ್ಚೋದು ಇನ್ನೊಂದು: ಸೀತೆಗೋಸ್ಕರ ತಾನೇ ಸುಗ್ರೀವನ ಸ್ನೇಹ ಮಾಡಿದ್ದು, ನನ್ನನ್ನ ಒಂದು ಮಾತು ಕೇಳಿದ್ರೆ ಒಂದೇ ದಿನದಲ್ಲಿ ಅವಳನ್ನ ತಂದುಕೊಡ್ತಿದ್ದೆ, ರಾವಣನ ಕುತ್ತಿಗೆಗೆ ಹಗ್ಗ ಕಟ್ಟಿ ತರ್ತಿದ್ದೆ.

ಗಮನಿಸಿದ್ರಾ? ಇಲ್ಲಿ ವಾಲಿ ತನ್ನ ಕಷ್ಟ ಹೇಳ್ಕೊಳ್ತಿಲ್ಲ. ರಾಮನ ಕೆಲಸ ಏನೋ ಅದನ್ನೇ ಹಿಡ್ಕೊಂಡು "ನಿನ್ನ ಲೆಕ್ಕದಲ್ಲೇ ನಿನಗೆ ನಷ್ಟ" ಅಂತಿದಾನೆ. ಬೇರೆಯೋರನ್ನ ಒಪ್ಪಿಸೋವಾಗ ನಮ್ಮ ತೊಂದರೆಗಿಂತ ಅವರ ಲಾಭ ನಷ್ಟದ ಮಾತು ಬೇಗ ನಾಟುತ್ತೆ. ಇನ್ನು ರಾಮನ ಪಾತ್ರ ಹೇಳೋರು ಆ ಪ್ರಶ್ನೆಗಳನ್ನ ಹಾರಿಸಿ ಹೋದ್ರೆ ಸಭೆ ಸುಮ್ನಿರಲ್ಲ. ಒಂದೊಂದನ್ನೂ ಎತ್ಕೊಂಡು ಉತ್ತರ ಕೊಡ್ಬೇಕು: ಈ ಭೂಮಿಯೆಲ್ಲ ಇಕ್ಷ್ವಾಕುಗಳದ್ದು, ಭರತನ ಆಳ್ವಿಕೆ ಇದೆ, ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನ ನೀನು ಇಟ್ಕೊಂಡೆ, ಅದಕ್ಕೆ ಈ ಶಿಕ್ಷೆ. ಒಪ್ತೀರೋ ಬಿಡ್ತೀರೋ, ಉತ್ತರ ಕೊಟ್ಟಿದಾನೆ ಅನ್ನೋದಂತೂ ಕೇಳೋರಿಗೆ ಅನ್ಸುತ್ತೆ. ಶಾಸ್ತ್ರದಲ್ಲಿ ಎದುರಿನವರ ವಾದವನ್ನ ಮೊದಲು ಇಡೋದಕ್ಕೆ ಪೂರ್ವಪಕ್ಷ ಅಂತಾರೆ, ಅದನ್ನ ಪೂರ್ತಿ ಇಡದೆ ಸಿದ್ಧಾಂತಕ್ಕೆ, ಅಂದ್ರೆ ತನ್ನ ತೀರ್ಮಾನಕ್ಕೆ, ಹೋಗೋ ಹಾಗಿಲ್ಲ.

ಈಗ ಡಿಪೋ ಮ್ಯಾನೇಜರ್ ತಲೇಲಿ ಏನಿರುತ್ತೆ? "ಆ ರೂಟಲ್ಲಿ ಕಲೆಕ್ಷನ್ ಇಲ್ಲ, ಮಕ್ಕಳದ್ದು ಪಾಸು, ಹೆಂಗಸರದ್ದು ಫ್ರೀ." ಇದನ್ನ ಅವರು ಹೇಳೋವರೆಗೂ ಕಾಯ್ಬೇಡಿ, ಅರ್ಜಿಲೇ ಬರೀರಿ:

"ಈ ಮಾರ್ಗದಲ್ಲಿ ನಗದು ಕಲೆಕ್ಷನ್ ಕಡಿಮೆ ಎಂಬುದು ನಮಗೆ ಗೊತ್ತಿದೆ. ಬೆಳಗಿನ ಟ್ರಿಪ್ಪಿನಲ್ಲಿ ಹೆಚ್ಚಿನವರು ಪಾಸಿನ ವಿದ್ಯಾರ್ಥಿಗಳು ಮತ್ತು ಶೂನ್ಯ ಟಿಕೆಟ್ ಪಡೆಯುವ ಮಹಿಳೆಯರು. ಶೂನ್ಯ ಟಿಕೆಟ್ಟಿನ ಹಣವನ್ನು ಸರ್ಕಾರ ನಿಗಮಕ್ಕೆ ಕೊಡುತ್ತದೆ. 8.45ರ ಬಸ್ಸು ತಡವೆಂದು ಈಗ ಜೀಪಿನಲ್ಲಿ ಹೋಗುತ್ತಿರುವ ಹುಡುಗಿಯರು 8.15 ಆದರೆ ಬಸ್ಸಿಗೇ ಬರುತ್ತಾರೆ."

ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದಾಗಿಂದ ಕಂಡಕ್ಟರ್ ಹೆಂಗಸರಿಗೆ ಕೊಡೋ ಆ ಶೂನ್ಯ ಟಿಕೆಟ್ ಲೆಕ್ಕಕ್ಕೆ ಬರುತ್ತೆ, ಇದು ಮ್ಯಾನೇಜರ್‌ಗೆ ನಮಗಿಂತ ಚೆನ್ನಾಗಿ ಗೊತ್ತು. ಅವರ ಲೆಕ್ಕ ನಮಗೂ ಗೊತ್ತಿದೆ ಅಂತ ತೋರಿಸಿದ್ರೆ ಅರ್ಜಿ ತೂಕನೇ ಬೇರೆ. (ಜೀಪಲ್ಲಿ ಹೋಗೋರು ನಿಜವಾಗ್ಲೂ ಇದ್ರೆ ಮಾತ್ರ ಬರೀರಿ. ಡಿಪೋದವರು ಕಂಡಕ್ಟರ್‌ನ ಒಂದು ಮಾತು ಕೇಳಿದ್ರೆ ಸುಳ್ಳು ಹೊರಗೆ ಬೀಳುತ್ತೆ.)

ನಂಬಿಕೆ, ಮನಸ್ಸು, ತರ್ಕ

ಗ್ರೀಸಿನ ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಇದನ್ನ ಮೂರು ಭಾಗ ಮಾಡಿದ್ದ: ಹೇಳೋನ ಮೇಲಿನ ನಂಬಿಕೆ, ಕೇಳೋರ ಭಾವನೆ, ಮಾತಿನೊಳಗಿನ ತರ್ಕ. ತರ್ಕ ಮೇಲೆ ಆಯ್ತು.

ನಂಬಿಕೆ ಅನ್ನೋದು ನಮ್ಮ ಕೇಸಲ್ಲಿ ಸಿಂಪಲ್. ಕಾಲೇಜಿನ ಪ್ರಿನ್ಸಿಪಾಲ್ ಹತ್ರ "ಈ ಊರಿನ ವಿದ್ಯಾರ್ಥಿಗಳು ಮೊದಲ ಅವಧಿಗೆ ತಡವಾಗಿ ಬರ್ತಿದಾರೆ" ಅಂತ ಒಂದು ಪತ್ರ, ಮಕ್ಕಳ ಪಾಸಿನ ಜೆರಾಕ್ಸ್, ಪೋಷಕರ ಸಹಿ. ಊರ ಗಣ್ಯರ ಹೆಸರು ಹತ್ತು ಸಾಲು ಹಾಕೋದಕ್ಕಿಂತ ಆ ಒಂದು ಪತ್ರಕ್ಕೆ ಬೆಲೆ ಜಾಸ್ತಿ.

ಭಾವನೆ ಬೇಕು, ಆದ್ರೆ ಒಂದು ಚಿತ್ರ ಸಾಕು. "ವಿದ್ಯಾರ್ಥಿಗಳ ಭವಿಷ್ಯ ಅಂಧಕಾರದಲ್ಲಿ ಮುಳುಗಿದೆ" ಅಂದ್ರೆ ಯಾರ ಮನಸ್ಸೂ ಕರಗಲ್ಲ. "ಸೆಕೆಂಡ್ ಪಿಯುಸಿ ಹುಡುಗಿ ದಿನಾ 9.50ಕ್ಕೆ ಕ್ಲಾಸ್ ಬಾಗಿಲಲ್ಲಿ ನಿಂತು, ಎಲ್ರೂ ತಿರುಗಿ ನೋಡ್ತಿರುವಾಗ, ಒಳಗೆ ಬರ್ಲಾ ಸಾರ್ ಅಂತ ಕೇಳ್ಬೇಕು" ಅಂದ್ರೆ ಮನೇಲಿ ಮಗಳಿರೋ ಮ್ಯಾನೇಜರ್‌ಗೆ ಅರ್ಥ ಆಗುತ್ತೆ. ಅಲ್ಲಿಗೇ ನಿಲ್ಸಿ, ಕಣ್ಣೀರು ನೀವೇ ಹಾಕ್ಬೇಡಿ.

ಈಗ ಅಲಂಕಾರ, ಗ್ರಾಮಸಭೆಗೆ

ಅರ್ಜಿ ಒಂದು ಥರ, ಸಭೇಲಿ ಎದ್ದು ಮಾತಾಡೋದು ಇನ್ನೊಂದು ಥರ. ಅಲ್ಲಿ ನಿಮ್ಮ ಎದುರಾಳಿ ಊರೊಳಗೇ ಇರ್ತಾರೆ, ಹತ್ತು ಗಂಟೆಗೆ ಆಫೀಸು ಬ್ಯಾಂಕು ಅಂತ ಪೇಟೆಗೆ ಹೋಗೋರು "ನಮಗೆ 8.45ನೇ ಆರಾಮು, ಅರ್ಧ ಗಂಟೆ ಮುಂಚೆ ಹೋಗಿ ಬಸ್‌ಸ್ಟ್ಯಾಂಡಲ್ಲಿ ಏನು ಮಾಡೋದು" ಅಂತಾರೆ. ಓದೋ ಕಾಗದ ಅಲ್ಲದ್ರಿಂದ ಇಲ್ಲಿ ಕಿವಿಗೆ ಹಿಡಿಸೋ ತಂತ್ರ ಬೇಕು.

ಮತ್ತೆ ಮತ್ತೆ ಹೇಳೋದು. ಬಸವಣ್ಣನವರ ವಚನ ಎಲ್ರಿಗೂ ಬರುತ್ತೆ, "ಇವನಾರವ, ಇವನಾರವ, ಇವನಾರವನೆಂದೆನಿಸದಿರಯ್ಯಾ, ಇವ ನಮ್ಮವ, ಇವ ನಮ್ಮವ, ಇವ ನಮ್ಮವನೆಂದೆನಿಸಯ್ಯಾ." ಮೂರು ಸಲ ದೂರ ತಳ್ಳೋ ಮಾತು, ಆಮೇಲೆ ಅದೇ ತಾಳದಲ್ಲಿ ಮೂರು ಸಲ ಹತ್ತಿರ ಕರೆಯೋ ಮಾತು. ಹನ್ನೆರಡನೇ ಶತಮಾನದ ಮಾತು ಇವತ್ತಿಗೂ ಬಾಯಲ್ಲಿ ನಿಂತಿರೋದಕ್ಕೆ ಅರ್ಥದ ಜೊತೆ ಈ ಕಟ್ಟೋಣನೂ ಕಾರಣ. ಸುಮ್ನೆ ಒಂದೇ ಪದ ಹತ್ತು ಸಲ ಹೇಳಿದ್ರೆ ಬೋರು, ಮೂರು ಸಲ ಹೇಳಿ ನಾಲ್ಕನೇದರಲ್ಲಿ ತಿರುಗಿಸಿದ್ರೆ ಪೆಟ್ಟು. ಸಭೇಲಿ ಹೀಗೆ: "ಮಳೆ ಬಂದ್ರೂ ಲೇಟು, ಬಿಸಿಲಿದ್ರೂ ಲೇಟು, ಪರೀಕ್ಷೆ ಇದ್ರೂ ಲೇಟು. ಬಸ್ಸು ಮಾತ್ರ ಟೈಮಿಗೆ ಸರಿಯಾಗಿ ಹೊರಡುತ್ತೆ."

ಎದುರುಬದುರು ಇಡೋದು. "ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡಲಿ ಬಡವನಯ್ಯಾ" ಅಂತ ಶುರುವಾಗೋ ವಚನ ನೋಡಿ. ಮೊದಲು ಸೋಲು ಒಪ್ಕೊಳ್ತಾರೆ, ನಾನು ಬಡವ, ಏನ್ಮಾಡ್ಲಿ ಅಂತ. ಕೇಳೋನು ಸಡಿಲ ಆಗ್ತಾನೆ. ತಕ್ಷಣ "ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ" ಅಂತ ಮೂರು ಏಟು. ಕೊನೆಗೆ "ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ", ಎರಡು ತುಂಡು, ಒಂದರೆದುರು ಒಂದು. ಒಪ್ಕೊಂಡು ತಿರುಗಿಸೋ ಈ ದಾರಿ ಊರ ಸಭೆಗೆ ಹೇಳಿ ಮಾಡಿಸಿದ್ದು. "ಹೌದು, ಆಫೀಸಿಗೆ ಹೋಗೋ ಅಣ್ಣಂದ್ರಿಗೆ ಅರ್ಧ ಗಂಟೆ ತೊಂದರೆ ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ನಿಮಗೆ ಹೋಗೋದು ಅರ್ಧ ಗಂಟೆ ನಿದ್ದೆ, ಮಕ್ಕಳಿಗೆ ಹೋಗೋದು ಒಂದು ಪೂರ್ತಿ ಸಬ್ಜೆಕ್ಟು."

ಪ್ರಶ್ನೆ ಕೇಳೋದು. ಉತ್ತರ ಬೇಡದ ಪ್ರಶ್ನೆ, ದನಿಯಲ್ಲೇ ಅರ್ಥ ಇರೋದು, ನಮ್ಮ ಅಲಂಕಾರಶಾಸ್ತ್ರದಲ್ಲಿ ಕಾಕು ಅಂತಾರೆ. ಒಂದೇ ಉತ್ತರ ಇದ್ದು, ಅದೂ ನಿಮ್ಮ ಕಡೆಗೇ ಇದ್ರೆ ಮಾತ್ರ ಕೇಳಿ. "ಬಸ್ಸು ಇರೋದು ಜನಕ್ಕೋ, ಜನ ಇರೋದು ಬಸ್ಸಿಗೋ?" ಸರಿ. "ನೀವೆಲ್ಲ ಅಧಿಕಾರಿಗಳು ಇರೋದು ಯಾಕೆ?" ಅಂತ ಕೇಳಿದ್ರೆ ಚಪ್ಪಾಳೆ ಬೀಳುತ್ತೆ, ಬಸ್ಸು ಬರಲ್ಲ.

ಗಾದೆ ಒಂದು ಹಾಕಿ, ಎರಡು ಬೇಡ. ಎದುರಿನವರ ಹತ್ರನೂ ಅದಕ್ಕೆ ಉಲ್ಟಾ ಗಾದೆ ಇದ್ದೇ ಇರುತ್ತೆ.

ಕನ್ನಡದ ವಾಕ್ಯದಲ್ಲೇ ಇರೋ ತಂತ್ರ

ಇದನ್ನ ಇಂಗ್ಲಿಷ್ ನೋಡಿ ಬರೆದ ಭಾಷಣ ಕಲೆ ಪುಸ್ತಕಗಳು ಹೇಳಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದ್ರಿಂದ ಕೇಳೋರು ಅಲ್ಲಿವರೆಗೂ ಕಾಯ್ತಾರೆ. ತೂಕದ ಪದನ ಕೊನೆಗೆ ತಳ್ಳಬೇಕು ಅಂದ್ರೆ ವಾಕ್ಯ ತಿರುಗಿಸಿ: "37 ಮಕ್ಕಳು ದಿನಾ ಮೊದಲನೇ ಪೀರಿಯಡ್ ಕಳ್ಕೊಳ್ತಿದಾರೆ" ಅನ್ನೋದು ಬರೀ ಸುದ್ದಿ. "ಮೊದಲನೇ ಪೀರಿಯಡ್ ದಿನಾ ಕಳ್ಕೊಳ್ತಿರೋದು ನಮ್ಮ 37 ಮಕ್ಕಳು" ಅಂದ್ರೆ ಮಕ್ಕಳ ಮೇಲೆ ಬೆಳಕು ಬೀಳುತ್ತೆ. "ನಮ್ಮ 37 ಮಕ್ಕಳು ದಿನಾ ಕಳ್ಕೊಳ್ತಿರೋದು ಮೊದಲನೇ ಪೀರಿಯಡ್ಡು, ಅದೂ ಗಣಿತದ್ದು" ಅಂದ್ರೆ ಪೀರಿಯಡ್ ಮೇಲೆ. ಎದ್ದು ನಿಲ್ಲೋಕೆ ಮುಂಚೆ ಮುಖ್ಯವಾದ ಒಂದೆರಡು ವಾಕ್ಯನ ಹೀಗೆ ಜೋರಾಗಿ ಹೇಳಿ ನೋಡಿ, ಯಾವುದು ಸರಿ ಅಂತ ಕಿವಿಗೇ ಗೊತ್ತಾಗುತ್ತೆ.

ಇದಕ್ಕೆ ಉಲ್ಟಾ, ಆಫೀಸ್ ಕನ್ನಡದ "-ಲಾಗುವುದು", "-ಲಾಗಿದೆ" ನೋಡಿ. "ಮನವಿಯನ್ನು ಪರಿಶೀಲಿಸಲಾಗುವುದು." ಯಾರು? ಯಾವಾಗ? ಮಾಡೋನು ಮಾಯ. ಇದೂ ಒಂದು ತಂತ್ರನೇ, ಜವಾಬ್ದಾರಿ ಮರೆಮಾಚೋ ತಂತ್ರ. ನಿಮ್ಮ ಅರ್ಜಿಲಿ ಇದನ್ನ ಬಳಸ್ಬೇಡಿ, ಅವರ ಉತ್ತರದಲ್ಲಿ ಬಂದ್ರೆ "ಯಾರು ಪರಿಶೀಲಿಸ್ತಾರೆ ಸಾರ್" ಅಂತ ವಿನಯವಾಗೇ ಕೇಳಿ.

ಉದ್ದ ಕಡಿಮೆ ಮಾಡಿ

1863ರ ನವೆಂಬರ್ 19ರಂದು ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಎಡ್ವರ್ಡ್ ಎವರೆಟ್ ಅನ್ನೋ ಹೆಸರಾಂತ ಭಾಷಣಕಾರ ಸುಮಾರು ಎರಡು ಗಂಟೆ ಮಾತಾಡಿದ, ಆಮೇಲೆ ಲಿಂಕನ್ ಎದ್ದು ಎರಡೇ ಎರಡು ನಿಮಿಷಕ್ಕೆ ಮುಗಿಸಿದ. ಮರುದಿನ ಎವರೆಟ್ಟೇ ಲಿಂಕನ್‌ಗೆ ಪತ್ರ ಬರೆದು, ನೀವು ಎರಡು ನಿಮಿಷದಲ್ಲಿ ಮುಟ್ಟಿದ ಮುಖ್ಯ ವಿಷಯದ ಹತ್ತಿರಕ್ಕೆ ನಾನು ಎರಡು ಗಂಟೇಲಿ ಬಂದಿದ್ರೂ ಸಾಕಿತ್ತು ಅನ್ನೋ ಅರ್ಥದ ಮಾತು ಹೇಳಿದ. ಗ್ರಾಮಸಭೇಲಿ ಮೂರು ನಿಮಿಷ, ಅರ್ಜಿ ಒಂದೇ ಪುಟ, ಇದನ್ನ ಮೀರ್ಬೇಡಿ. "ವೇದಿಕೆ ಮೇಲಿರೋ" ಅಂತ ಎಲ್ರ ಹೆಸರು ಹೇಳೋದರಲ್ಲೇ ಮೂರು ನಿಮಿಷ ಹೋಗುತ್ತೆ ಅನ್ನೋರಿಗೆ ನನ್ನ ಹತ್ರ ಮದ್ದಿಲ್ಲ.

ಇದೇ ತಂತ್ರ ನಿಮ್ಮ ಮೇಲೆ ಬಂದಾಗ

ಒಪ್ಪಿಸೋದು ಬೇರೆ, ಮೋಸ ಮಾಡೋದು ಬೇರೆ, ಸಾಮಾನು ಮಾತ್ರ ಒಂದೇ ಅಂಗಡಿದು. ನ್ಯಾಯಶಾಸ್ತ್ರದೋರು ಇದನ್ನೂ ಬೇರೆ ಮಾಡಿಟ್ಟಿದಾರೆ: ಸತ್ಯ ತಿಳ್ಕೊಳ್ಳೋಕೆ ಮಾಡೋದು ವಾದ, ಹೇಗಾದ್ರೂ ಗೆಲ್ಲೋಕೆ ಮಾಡೋದು ಜಲ್ಪ, ತನ್ನದು ಅಂತ ಏನೂ ಇಡದೆ ಎದುರಿನವರದ್ದನ್ನ ಕೆಡವೋದೇ ಕೆಲಸ ಆದ್ರೆ ವಿತಂಡ.

ಸಭೇಲಿ ದಿನಾ ಸಿಗೋ ಕೆಲವು: ನೀವು ಬಸ್ಸಿನ ಬಗ್ಗೆ ಕೇಳಿದ್ರೆ "ರಸ್ತೆ ಕೆಟ್ಟಾಗ ನೀವೆಲ್ಲಿ ಹೋಗಿದ್ರಿ" ಅನ್ನೋರು. "ಊರ ಪರ ಇದೀರೋ, ಡಿಪೋ ಪರ ಇದೀರೋ" ಅಂತ ಎರಡೇ ಬಾಗಿಲು ತೋರಿಸೋರು. "ಎಲ್ರೂ ಹೇಳ್ತಿದಾರೆ" ಅನ್ನೋರು, ಆ ಎಲ್ರಲ್ಲಿ ಒಬ್ಬರ ಹೆಸರು ಕೇಳಿದ್ರೆ ಸಿಗಲ್ಲ. ಇಂಥವಕ್ಕೆ ಜಗಳ ಬೇಡ, "ಅದನ್ನೂ ಮಾತಾಡೋಣ, ಮೊದಲು 8.15 ಮುಗಿಸೋಣ" ಅಂತ ದಾರಿಗೆ ತನ್ನಿ.

ಅಪಾಯದ್ದು ಫೋನಲ್ಲಿ ಬರೋದು. ಡಿಜಿಟಲ್ ಅರೆಸ್ಟ್ ಅಂತ ಹೆದರಿಸೋರ ಮಾತಿನ ಕಟ್ಟು ಬಿಚ್ಚಿ ನೋಡಿ: ಪೊಲೀಸ್ ಯೂನಿಫಾರ್ಮಲ್ಲಿ ವಿಡಿಯೋ ಕಾಲ್ (ನಂಬಿಕೆ), ನಿಮ್ಮ ಹೆಸರಲ್ಲಿ ಪಾರ್ಸೆಲ್ಲು, ಕೇಸು (ಭಯ), ಈಗಲೇ ದುಡ್ಡು ಹಾಕಿ (ಆತುರ), ಮನೆಯೋರಿಗೂ ಹೇಳ್ಬೇಡಿ (ಯೋಚನೆ ಹಂಚ್ಕೊಳ್ಳೋಕೆ ಬಿಡಲ್ಲ). ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಲ್ಲೇ ಇಲ್ಲ. ಭಯ, ಆತುರ, ಗುಟ್ಟು ಮೂರೂ ಒಂದೇ ಕಾಲಲ್ಲಿ ಬಂದ್ರೆ ಫೋನ್ ಇಟ್ಟು ಮನೆಯೋರಿಗೆ ಹೇಳಿ, ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಕಾಲ್ ಮಾಡಿ.

ಕೊನೇ ಅರ್ಜಿ, ಆಮೇಲಿನ ಕೆಲಸ

ಎಲ್ಲಾ ಸೇರಿಸಿದ್ರೆ ಅರ್ಜಿ ಹೀಗೆ ಬರುತ್ತೆ:

"ವಿಷಯ: ನಮ್ಮ ಗ್ರಾಮದ ನೈಟ್ ಹಾಲ್ಟ್ ಬಸ್ಸನ್ನು ಬೆಳಿಗ್ಗೆ 8.45ರ ಬದಲು 8.15ಕ್ಕೆ ಹೊರಡಿಸುವ ಬಗ್ಗೆ.

ಮಾನ್ಯರೇ, ನಮ್ಮ ಗ್ರಾಮದ 37 ವಿದ್ಯಾರ್ಥಿಗಳಿಗೆ ದಿನವೂ ಮೊದಲ ತರಗತಿ ತಪ್ಪಿಹೋಗುತ್ತಿದೆ. ಬಸ್ಸು 9.45ಕ್ಕೆ ತಲುಪುತ್ತದೆ, ಕಾಲೇಜು 9.30ಕ್ಕೆ ಆರಂಭವಾಗುತ್ತದೆ. ಪ್ರಾಂಶುಪಾಲರ ಪತ್ರ ಲಗತ್ತಿಸಿದೆ. ಇದಕ್ಕೆ ಹೊಸ ಬಸ್ಸು, ಹೊಸ ಸಿಬ್ಬಂದಿ, ಹೆಚ್ಚಿನ ಡೀಸೆಲ್ ಯಾವುದೂ ಬೇಡ. ಪಕ್ಕದ ಮಾರ್ಗದ ಹಾಲ್ಟ್ ಬಸ್ಸು ಕಾಲೇಜು ಸಮಯಕ್ಕೆ ಹೊರಡುತ್ತಿದೆ, ದೂರ ಎರಡಕ್ಕೂ ಒಂದೇ. ಒಂದು ತಿಂಗಳು ಪ್ರಾಯೋಗಿಕವಾಗಿ 8.15ಕ್ಕೆ ಬಿಟ್ಟು ನೋಡಿ, ಟಿಕೆಟ್ ಲೆಕ್ಕ ಕಡಿಮೆಯಾದರೆ ಮೊದಲಿನ ಸಮಯಕ್ಕೆ ಮರಳಲು ನಮ್ಮ ಅಭ್ಯಂತರವಿಲ್ಲ."

ಕಲೆಕ್ಷನ್ನಿನ ಪ್ಯಾರಾನ ಇದರ ಮಧ್ಯೆ ಸೇರಿಸ್ಕೊಳ್ಳಿ. ಕೊನೇ ಸಾಲು ನೋಡಿ, "ಒಂದು ತಿಂಗಳು" ಅನ್ನೋದು. ಶಾಶ್ವತವಾಗಿ ಬದಲಾಯಿಸಿ ಅಂದ್ರೆ ಹಿಂಜರಿಯೋರು ನೋಡೋಣ ಅನ್ನೋಕೆ ಒಪ್ತಾರೆ, ಅವರಿಗೂ ಮೇಲಿನೋರಿಗೆ ಹೇಳ್ಕೊಳ್ಳೋಕೆ ಸುಲಭ.

ಎರಡು ಕಾಪಿ ಮಾಡಿ, ಒಂದನ್ನ ಕೊಟ್ಟು ಇನ್ನೊಂದಕ್ಕೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ಳಿ. ಆದ್ರೆ ಟಪಾಲಿಗೆ ಹಾಕಿ ಬಂದ್ಬಿಡ್ಬೇಡಿ, ಮ್ಯಾನೇಜರ್ ಇರೋ ಹೊತ್ತು ನೋಡ್ಕೊಂಡು ಮೂರ್ನಾಲ್ಕು ಜನ ಹೋಗಿ, ಅದರಲ್ಲಿ ಒಬ್ಬ ವಿದ್ಯಾರ್ಥಿನಿ ಇರ್ಲಿ, ಮಾತು ಅವಳೇ ಶುರು ಮಾಡ್ಲಿ. ಇಪ್ಪತ್ತು ಜನ ನುಗ್ಗಿದ್ರೆ ಅದು ಧರಣಿ ಥರ ಕಾಣುತ್ತೆ, ಅವರು ಉತ್ತರ ಕೊಡೋ ಮೂಡಿಂದ ರಕ್ಷಣೆ ಮಾಡ್ಕೊಳ್ಳೋ ಮೂಡಿಗೆ ಹೋಗ್ತಾರೆ. "ನೋಡ್ತೀನಿ" ಅಂತ ಹೇಳೇ ಹೇಳ್ತಾರೆ. ಆಗ "ಆಯ್ತು ಸಾರ್, ಥ್ಯಾಂಕ್ಸ್" ಅಂತ ಎದ್ದು ಬರ್ಬೇಡಿ, "ಸೋಮವಾರ ಬರ್ಲಾ ಸಾರ್, ಬುಧವಾರ ಬರ್ಲಾ?" ಅಂತ ಕೇಳಿ. ಅವರು ಒಂದು ದಿನ ಹೇಳ್ತಾರೆ. ಅದನ್ನ ಅವರ ಮುಂದೆನೇ ಸೀಲು ಬಿದ್ದ ಕಾಪಿ ಹಿಂದೆ ಬರ್ಕೊಳ್ಳಿ.